ಅಕ್ಷರದಲ್ಲಿ ಬರೆಯಿರಿ

ಇಳಕಲ್ಲ, 12 ನವೆಂಬರ್ 1979

…‘ಅದರ ಮುಂದಿಂದ್ರಿ’ ಎಂದಳೋ, ‘ನೂರರ ಮ್ಯಾಲಿಂದ್ರಿ’ ಎಂದಳೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಎರಡರಲ್ಲಿ ಒಂದು. ಎರಡೂ ಉತ್ತರವಲ್ಲ.

ಮನೆಯಲ್ಲಿ ಮಾಡಿಕೊಂಡು ಬಂದ ಲೆಕ್ಕವನ್ನು ಎದ್ದು ನಿಂತು ಬಾಯಲ್ಲಿ ಹೇಳಬೇಕು. ಇದು ನನ್ನ ತರಗತಿಯ ಪದ್ಧತಿ. ಬರೆದದ್ದು ಯಾರದ್ದೂ ಆಗಿರಬಹುದು, ಹೇಳುವುದು ಅವರದೇ ಆಗಿರುತ್ತದೆ. ಹತ್ತನೆಯ ತರಗತಿಗೆ ಕೊಟ್ಟದ್ದು ಸುಲಭದ ಲೆಕ್ಕ: ಒಂದರ ಹಿಂದೊಂದು ಬರುವ ಮೂರು ಸಂಖ್ಯೆಗಳ ಮೊತ್ತ 303, ಆ ಸಂಖ್ಯೆಗಳು ಯಾವುವು? ನೇಕಾರ ಹೊಳಬಸಪ್ಪನ ಮಗಳು ಶಿವಬಸವ್ವನ ಸರದಿ ಬಂತು. ಮೊದಲನೆಯದನ್ನು ಕ್ಷ ಎಂದು ಹಿಡಿದಳು. (ಪುಸ್ತಕ ಎಕ್ಸ್ ಎನ್ನುತ್ತದೆ, ನಾನು ಇನ್ನೂ ಕ್ಷ ಎಂದೇ ಕಲಿಸುತ್ತೇನೆ.) ಸಮೀಕರಣ ಸರಿಯಾಗಿತ್ತು. ನೂರು ಎಂದಳು, ನೂರಾ ಎರಡು ಎಂದಳು. ನಡುವಿನದಕ್ಕೆ ಮಾತ್ರ ಈ ಮಾತು.

"ಮುಂದಿಂದು ಅಂದ್ರ? ಅದಕ್ಕೊಂದ ಹೆಸರಿಲ್ಲೇನು? ಹೆಸರ ಹಿಡದು ಹೇಳು" ಎಂದೆ.

ತರಗತಿ ಒಮ್ಮೆಲೇ ನಕ್ಕಿತು. ಹುಡುಗಿಯರ ಸಾಲು ದಾವಣಿಯ ಸೆರಗನ್ನು ಬಾಯಿಗೆ ಒತ್ತಿಕೊಂಡಿತು. ಹಿಂದಿನ ಬೆಂಚಿನಿಂದ ಚಂದಪ್ಪನೆಂಬ ಹುಡುಗ, "ಗುಡೂರಿಗೆ ಹೋಗಿ ಕೇಳ್ರಿ ಸರ್ರ!" ಎಂದ. ನಗೆ ಇನ್ನೂ ಏರಿತು. ಗುಡೂರಿನ ಮಾತು ಯಾಕೆ ಬಂತೋ ತಿಳಿಯಲಿಲ್ಲ, ಕೇಳಲೂ ಇಲ್ಲ. ಇಷ್ಟು ವರ್ಷ ಬೀಜಗಣಿತ ಕಲಿಸಿದ್ದೇನೆ, ನನ್ನ ಮಾತಿಗೆ ಒಂದು ತರಗತಿ ನಕ್ಕದ್ದು ನೆನಪಿಲ್ಲ. ನಾನು ಹಾಸ್ಯದ ಮನುಷ್ಯನಲ್ಲ.

ಶಿವಬಸವ್ವ ನೆಲ ನೋಡುತ್ತ ಗಂಟೆ ಹೊಡೆಯುವವರೆಗೆ ನಿಂತೇ ಇದ್ದಳು. ಕೂಡು ಎನ್ನಲು ನಾನು ಮರೆತಿದ್ದೆ.

15 ನವೆಂಬರ್

ಇದು ಹಟವೋ ಅಜ್ಞಾನವೋ ಪರೀಕ್ಷಿಸಬೇಕೆನಿಸಿತು. ಒಂದು ಸಂಖ್ಯೆಯ ಐದು ಪಟ್ಟಿನಿಂದ ನಾಲ್ಕನ್ನು ಕಳೆದರೆ 501 ಉಳಿಯುತ್ತದೆ. ಆ ಸಂಖ್ಯೆ ಯಾವುದು? ಶಿವಬಸವ್ವನನ್ನು ಹಲಗೆಗೆ ಕರೆದೆ. ಸರಿಯಾಗಿ ಬಿಡಿಸಿ, ಕೊನೆಗೆ ಅಂಕಿಯಲ್ಲಿ 101 ಎಂದು ಬರೆದಳು.

"ಓದು" ಎಂದೆ.

"ಬರದೀನಲ್ರಿ ಸರ್ರ."

"ಬರದದ್ದು ಕಾಣತೈತಿ. ಓದು."

"ನೂರಕ್ಕ ಒಂದು ಹೆಚ್ಚರಿ."

ನಾನು ಬಾಯಿ ತೆರೆಯುವ ಮೊದಲೇ ನಕ್ಕರು. ಕಾಯುತ್ತಿದ್ದರು ಎಂದು ಕಾಣುತ್ತದೆ. ನಾನೂ ಕಾಯುತ್ತಿದ್ದೆ ಎಂದು ಬರೆದರೆ ತಪ್ಪಾಗಲಾರದು. "ನೋಡ್ರೆಪಾ, ಶಿವಬಸವ್ವನ ಲೆಕ್ಕದಾಗ ಒಂದು ಅನಾಮಿಕ ಸಂಖ್ಯಾ ಐತಿ" ಎಂದೆ. ಮಾತು ಚೆನ್ನಾಗಿಯೇ ಬಂತು.

ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾದರೆ ಹಟವೇ.

ಸಂಜೆ ಇದನ್ನು ಯೋಚಿಸುತ್ತ ಕೂತಿದ್ದಾಗ ಅಡುಗೆಮನೆಯ ಆಚೆಯಿಂದ ಸಂಗವ್ವಕ್ಕ, "ಬಿಳೇದು ಉಕ್ಕಾಕತ್ತೇತಿ, ಇಳಸೋ!" ಎಂದು ಕೂಗಿದಳು. ಇಳಿಸುವುದರೊಳಗೆ ಅರ್ಧ ಒಲೆಯ ಪಾಲಾಗಿತ್ತು. ಮನೆಯಲ್ಲಿ ಇರುವವರು ಅಕ್ಕ ಮತ್ತು ನಾನು. ಬೈಗುಳಕ್ಕೆ ಪಾಲುದಾರರು ಬೇರೆ ಯಾರೂ ಇಲ್ಲ.

27 ನವೆಂಬರ್

ಉತ್ತರವನ್ನು ಮೊದಲು ಇಟ್ಟುಕೊಂಡು ಹಿಂದಕ್ಕೆ ನಡೆದು ಲೆಕ್ಕ ಕಟ್ಟುವುದರಲ್ಲಿ ಒಂದು ಸುಖವಿದೆ. ಈ ವಾರ ಹಾಗೆ ಕಟ್ಟಿದ ಲೆಕ್ಕಗಳೆಲ್ಲ ಅದೇ ಒಂದು ಉತ್ತರಕ್ಕೆ ಬಂದು ಸೇರುತ್ತಿವೆ. ಶಿವಬಸವ್ವ ಎರಡು ದಿನದಿಂದ ಹೋಂವರ್ಕ್ ತಂದಿಲ್ಲ. ಕೇಳಿದರೆ, "ಕಂಡಕಿ ಸುತ್ತೂದಿತ್ರಿ ಸರ್ರ" ಎಂದಳು. ಮಗ್ಗದ ಮನೆಯ ಮಕ್ಕಳೆಲ್ಲ ನೂಲು ಸುತ್ತಿಯೇ ಶಾಲೆಗೆ ಬರುವವರು. ನೆವ ಅಂಥ ಹೊಸದೇನಲ್ಲ.

8 ಡಿಸೆಂಬರ್

ಹೊಳಬಸಪ್ಪ ಶಾಲೆಗೆ ಬಂದಿದ್ದ. ವರಾಂಡದಲ್ಲಿ ಚಪ್ಪಲಿ ಬಿಟ್ಟು, ನಾನು ಕೂಡು ಎಂದರೂ ಕೂಡದೆ, ಗೋಡೆಗೆ ಆತು ನಿಂತ.

"ಅಯ್ಯಾರ, ಲೆಕ್ಕದಾಗ ನಮ್ಮ ಹುಡುಗಿ ಹೆಂಗದಾಳ್ರಿ?"

"ದಡಕ್ಕ ಬರಬಹುದು, ಮುಳುಗಲೂಬಹುದು. ಮೊಂಡತನ ಭಾಳ."

"ಮನ್ಯಾಗ ಹಂಗಿಲ್ರಿ." ಆತ ಗೋಡೆ ಬಿಟ್ಟು ಮುಂದೆ ಬಂದು ಹೇಳಿದ. "ಹೋದ ಬ್ಯಾಸಗಿ ಒಳಗ ಲಗ್ನ ಮಾಡಿ ಮುಗಿಸೀನ್ರಿ. ಹುಡುಗ ಗುಡೂರಾಂವ, ಹಿಟ್ಟಿನ ಗಿರಣಿ ಐತಿ. ಹತ್ತನೇದು ಮುಗಿಸೇ ಬರ್ತೇನಿ ಅಂತ ಇಕಿ ಕುಂತಾಳ. ಮುಂದ ಟಿ.ಸಿ.ಎಚ್. ಮಾಡಿ ಸಾಲಿ ಕಲಿಸೂ ಬಾಯಿ ಆಗಾಕಿ ಅಂತ. ಬೀಗತಿ ಏನಂದಾಳ ಅಂದ್ರ, ಸಾಲ್ಯಾಗಿನ ಪರೀಕ್ಷೆ ಪಾಸಾದ್ರ ಇರ್ಲಿ, ನಪಾಸಾದ್ರ ಮರುದಿನಾನ ಕಳಸ್ರಿ ಅಂತ. ನಾ ಹೂಂ ಅಂದೀನ್ರಿ."

ಸಾಲ್ಯಾಗಿನ ಪರೀಕ್ಷೆ ಎಂದರೆ ಈ ತಿಂಗಳ ಸಿಲೆಕ್ಷನ್ ಪರೀಕ್ಷೆ. ಅದರಲ್ಲಿ ಪಾಸಾದವರ ಅರ್ಜಿಯನ್ನು ಮಾತ್ರ ನಮ್ಮ ಹೆಡ್‌ಮಾಸ್ತರರು ಬೋರ್ಡಿಗೆ ಕಳಿಸುತ್ತಾರೆ.

"ಓದಿದ್ರ ಪಾಸಾಗ್ತಾಳ" ಎಂದೆ.

ಗುಡೂರು ಎಂದಾಗ ಏನೋ ನೆನಪಾದಂತಾಗಿ ಮತ್ತೆ ಮರೆತುಹೋಯಿತು. ಹುಡುಗನ ಹೆಸರೇನು ಎಂದು ಇಂಥ ಹೊತ್ತಿನಲ್ಲಿ ಯಾರಾದರೂ ಕೇಳುತ್ತಾರೆ. ನಾನು ಕೇಳಲಿಲ್ಲ.

14 ಡಿಸೆಂಬರ್

ಬೀಜಗಣಿತದ ಪ್ರಶ್ನೆಪತ್ರಿಕೆ ತಯಾರಾಯಿತು. ಒಂದು ಪ್ರಶ್ನೆಯ ಬಗ್ಗೆ ಸಮಾಧಾನವಿದೆ: ಸೂತ್ರ ಬಳಸಿ, 51ರ ವರ್ಗದಿಂದ 50ರ ವರ್ಗವನ್ನು ಕಳೆಯಿರಿ. ಗುಣಾಕಾರ ಮಾಡುತ್ತ ಕೂರುವವರು ಬೆವರುತ್ತಾರೆ, ಸೂತ್ರ ತಿಳಿದವರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಬರೆದಾದ ಮೇಲೆ ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದೆ: ‘ಉತ್ತರವನ್ನು ಅಕ್ಷರದಲ್ಲಿ ಬರೆಯಿರಿ.’

ಬೋರ್ಡಿನ ಪರೀಕ್ಷೆಯಲ್ಲಿ ಹೀಗೆ ಕೇಳುವುದಿಲ್ಲ. ಕೇಳಬಾರದೆಂದು ನಿಯಮವೂ ಇಲ್ಲ.

22 ಡಿಸೆಂಬರ್

ಉತ್ತರಪತ್ರಿಕೆಗಳು ಮುಗಿದವು. ಶಿವಬಸವ್ವ ಸೂತ್ರ ಹಚ್ಚಿದ್ದಾಳೆ. ಅಂಕಿಯಲ್ಲಿ ಉತ್ತರ ಬಂದಿದೆ. ‘ಅಕ್ಷರದಲ್ಲಿ’ ಎಂದು ಬರೆದು ಅದರ ಮುಂದೆ ಒಂದು ಉದ್ದನೆಯ ಗೆರೆ ಎಳೆದು ಬಿಟ್ಟಿದ್ದಾಳೆ. ಗೆರೆ ನೇರವಾಗಿದೆ, ಅಳತೆಪಟ್ಟಿ ಇಟ್ಟು ಎಳೆದದ್ದು.

ಕೇಳಿದ್ದನ್ನು ಕೇಳಿದಂತೆ ಬರೆಯದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. ಸೊನ್ನೆ ಹಾಕಿದೆ. ಒಟ್ಟು ಕೂಡಿಸಿದಾಗ ಪಾಸಿಗೆ ಎರಡು ಅಂಕ ಕಡಿಮೆ ಬಂತು. ಆ ಲೆಕ್ಕಕ್ಕೆ ನಾಲ್ಕು ಅಂಕವಿತ್ತು. ಮತ್ತೊಮ್ಮೆ ಕೂಡಿಸಿದೆ. ಅಷ್ಟೇ.

2 ಜನವರಿ 1980

ಪೇಪರು ಕೊಟ್ಟೆ. ಅರ್ಧ, ಒಂದು ಅಂಕಕ್ಕಾಗಿ ಹುಡುಗರು ಮೇಜಿನ ಸುತ್ತ ಮುತ್ತಿಕೊಂಡು ಗೋಗರೆದರು. ಶಿವಬಸವ್ವ ಬರಲಿಲ್ಲ. ಸೊನ್ನೆಯನ್ನು ನೋಡಿದಳು, ಪೇಪರನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು. ಬಂದು ಕೇಳಿದ್ದರೆ ಕೊಡುತ್ತಿದ್ದೆನೇನೋ. ಕೇಳಬೇಕಾದವರು ಅವರು.

5 ಜನವರಿ

ಊಟಕ್ಕೆ ಕೂತಾಗ ಅಕ್ಕ ರೊಟ್ಟಿ ಹಾಕುತ್ತ ಹೇಳಿದಳು: "ಹೊಳಬಸಪ್ಪನ ಮಗಳನ್ನ ಗುಡೂರಿಗೆ ಕಳಿಸಿಬಿಟ್ರಂತ. ನಿನ್ನ ಲೆಕ್ಕದಾಗ ನಪಾಸಾದ್ಲಂತಲ್ಲೋ. ನಳದ ಮುಂದ ಆಕಿ ಅವ್ವ ಅಳಾಕತ್ತಿದ್ಲು."

"ನನ್ನ ಲೆಕ್ಕ ಅಲ್ಲ, ಆಕೀದು. ನೂರೊಂದು ಅಂತ ಅನ್ನಾಕ ಬರದಾಕಿ ಪಾಸಾಗಿ ಏನ ಮಾಡ್ತಾಳ?"

ಅಕ್ಕನ ಕೈ ನಿಂತಿತು. "ಏನಂದಿ?"

ತರಗತಿಯಲ್ಲಿ ಆದದ್ದನ್ನು ಹೇಳಿದೆ. ಮೊದಲ ಸಲದ ನಗೆಯ ತನಕ ಹೇಳುವಾಗ ನನ್ನ ದನಿಯಲ್ಲಿ ಉತ್ಸಾಹವಿದ್ದಿರಬೇಕು. ಆಮೇಲಿನದನ್ನು ಅಕ್ಕನ ಮುಖ ನೋಡಿ ಚುಟುಕು ಮಾಡಿದೆ.

"ಆಕಿ ಗಂಡನ ಹೆಸರೇನು?" ಎಂದಳು.

"ನನಗೇನ ಗೊತ್ತು?"

"ನೂರೊಂದಪ್ಪ! ಗಿರಣಿ ನೂರೊಂದಪ್ಪ. ನಮ್ಮ ಓಣಿಯ ಸಣ್ಣ ಹುಡುಗ್ರಿಗೂ ಗೊತ್ತೈತಿ. ತುಂಬಿದ ಸಾಲ್ಯಾಗ ನಿಂದರಿಸಿ, ಗಂಡನ ಹೆಸರ ಹಿಡದು ಹೇಳು ಅಂದೆಲ್ಲೋ! ಆಕಿ ಕಾಲಾಗಿನ ಕಾಲುಂಗರ ಕಾಣಲಿಲ್ಲೇನು ನಿನಗ? ಏನ ಮನಶ್ಯಾ ಅದಿ!"

"ಅದು ಅಂಕಿ ಅಕ್ಕಾ. ಹೆಸರಲ್ಲ. ಅಂಕಿಗೂ ಹೆಸರಿಗೂ…"

"ಹೌದು? ನಾ ಬಿಳೇದು, ಬಿಳೇದು ಅಂತ ಒದರ್ತೇನಲ್ಲ, ಯಾಕ ಹಂಗಂತೀ ಅಂತ ಒಂದ ದಿನಾರ ಕೇಳೀಯೇನು?"

ಭಾವನ ಹೆಸರು ಹಾಲಯ್ಯ. ತೀರಿಕೊಂಡು ಬಹಳ ವರ್ಷವಾಯಿತು. ಅವಳು ಈ ಮನೆಗೆ ಬಂದ ದಿನದಿಂದ ಹಾಲಿಗೆ ಹಾಲು ಎಂದದ್ದನ್ನು ನಾನು ಕೇಳಿಲ್ಲ. ಅದು ಅವಳ ಮಾತಿನ ರೀತಿ ಎಂದುಕೊಂಡಿದ್ದೆ. ಅಂದರೆ, ಏನೂ ಅಂದುಕೊಂಡಿರಲಿಲ್ಲ.

ಅಕ್ಕ ರೊಟ್ಟಿಯ ಬುಟ್ಟಿಯನ್ನು ನನ್ನ ಮುಂದೆ ಸರಿಸಿ ಎದ್ದು ಹೋದಳು. ಬೇಕಾದರೆ ಹಾಕಿಕೊಂಡು ತಿನ್ನು ಎಂಬಂತೆ.

6 ಜನವರಿ

ಅವರು ನಕ್ಕದ್ದು ನನ್ನ ಮಾತಿಗಲ್ಲ. ನಾನು ಅವರಿಗೆ ಒಂದು ಕೋಲಾಗಿ ಸಿಕ್ಕಿದ್ದೆ, ಅಷ್ಟೆ. ಆ ಕೋಲಿನಿಂದ ಆಕೆಯನ್ನು ತಿವಿದರು. ಕೋಲು ತಾನೇ ಚತುರ ಎಂದುಕೊಂಡಿತು.

ಮದುವೆಯಾಗದವನಿಗೆ ಇದೆಲ್ಲ ಹೇಗೆ ತಿಳಿಯಬೇಕು ಎಂದು ಒಂದು ವಾದ ಹೂಡಬಹುದು. ನನ್ನ ಹೆಸರನ್ನು ತಪ್ಪಿಸಿ ನಡೆಯಬೇಕಾದವರು ಎಲ್ಲಿಯೂ ಯಾರೂ ಇಲ್ಲ. ವಾದ ನಿಲ್ಲುವುದಿಲ್ಲ. ಮದುವೆಯಾಗದ ಚಂದಪ್ಪನಿಗೆ ಗೊತ್ತಿತ್ತು.

7 ಜನವರಿ

ಹೆಡ್‌ಮಾಸ್ತರ ಅಮಾತೆಪ್ಪನವರ ಕೋಣೆಗೆ ಹೋದೆ. ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಒಳಗೆ ಹೋದಾಗ ಬೇರೆಯದೇ ಬಾಯಿಗೆ ಬಂತು.

"ಸಿಲೆಕ್ಷನ್ ಪೇಪರಿನಾಗ ಒಂದು ಕೂಡಿಸೂದು ತಪ್ಪೇತ್ರಿ. ಒಬ್ಬರು ಪಾಸ ಆಗಬೇಕಾಗಿತ್ತು."

"ಯಾರವರು?"

"ಹದಿನೇಳನೇ ನಂಬರ್ರಿ."

"ನಂಬರ ತಗೊಂಡು ಏನ ಮಾಡ್ಲಿ ರಾಚಯ್ಯನವರ? ಹೆಸರ ಹೇಳ್ರಿ."

ಅಂಕಗಳ ಪಟ್ಟಿಯನ್ನು ಅವರ ಮುಂದೆ ಸರಿಸಿ, ಆ ಸಾಲಿನ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ಏರಿಸಿ ಓದಿಕೊಂಡರು, ಆಮೇಲೆ ನಕ್ಕರು. "ಲೆಕ್ಕದ ಮಾಸ್ತರ್ರ ಕೂಡಸೂದ್ರಾಗ ತಪ್ಪಿದ್ರ ಹೆಂಗ್ರಿ! ಆತು, ಅರ್ಜಿ ತುಂಬಸ್ರಿ. ಸಹಿ ಆಕೀದ ಆಗಬೇಕ ಮತ್ತ. ಬರೂ ಸೋಮವಾರ ಕಳಸೂದೈತಿ."

9 ಜನವರಿ

ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿದೆ. ಇಂದು ಚಹಾ ಬಂದಾಗ ಡ್ರಿಲ್ ಮಾಸ್ತರ, "ರಾಚಯ್ಯನವರ, ಕಪ್ಪು ಎಷ್ಟದಾವು, ಸ್ವಲ್ಪ ಎಣಸ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಡದ ತಪ್ಪಿಗೆ ನಗೆಗೀಡಾಗುವುದು ಅಷ್ಟು ಕಷ್ಟವಲ್ಲ. ಅದರ ಹಿಂದೆ ಅಡಗಿ ಕೂಡಲು ಜಾಗವಿದೆ.

13 ಜನವರಿ, ರವಿವಾರ

ಅರ್ಜಿ ಹಿಡಿದು ಗುಡೂರಿಗೆ ಹೋಗಿ ಬಂದೆ.

ಗಿರಣಿ ಹುಡುಕಬೇಕಾಗಲಿಲ್ಲ, ಸದ್ದೇ ಕರೆದುಕೊಂಡು ಹೋಯಿತು. ಹುಬ್ಬು ರೆಪ್ಪೆಯೆಲ್ಲ ಹಿಟ್ಟು ಹತ್ತಿದ ಹುಡುಗನೊಬ್ಬ ಬುಟ್ಟಿ ಸುರುವುತ್ತಿದ್ದ. ಪಾಳಿಯಲ್ಲಿದ್ದ ಮುದುಕನೊಬ್ಬ, "ಲೇ ನೂರೊಂದಾ, ನನ್ನ ಜ್ವಾಳ ಸಣ್ಣಗ ಬೀಸಲೇ, ಹಲ್ಲಿಲ್ಲ ನನಗ" ಎಂದ. ಅವನ ಹಿಂದಿದ್ದವನು, "ನೂರೊಂದಪ್ಪಾ, ಇವಂಗ ಗಂಜೀನ ಹಾಕಿಕೊಡು" ಎಂದ. ಆ ಹೆಸರು ಬಂದವರೆಲ್ಲರ ಬಾಯಲ್ಲೂ ಸಲೀಸಾಗಿ ಓಡಾಡುತ್ತಿತ್ತು. ನಾನು ಮಾತ್ರ "ಏನಪಾ" ಎಂದು ಕರೆದೆ.

ಯಾರೆಂದು ತಿಳಿದ ಕೂಡಲೇ ಹುಡುಗ ಯಂತ್ರದ ಪಟ್ಟಿ ಕಳಚಿ ಗಿರಣಿ ನಿಲ್ಲಿಸಿ ಮನೆಗೆ ಕರೆದೊಯ್ದ. ಮನೆ ಗಿರಣಿಯ ಹಿಂದೆಯೇ. ಅವನ ತಾಯಿ ಸಿದ್ದಲಿಂಗವ್ವ ಕಂಬಳಿ ಹಾಸಿ, ತಂಬಿಗೆಯಲ್ಲಿ ನೀರು ಕೊಟ್ಟು, ಎದುರಿಗೆ ಕೂತಳು.

"ನಪಾಸಾದಾಕಿನ್ನ ಮತ್ಯಾಕ ಪರೀಕ್ಷೆಗೆ ಕೂಡಸ್ತೀರಿ ಅಯ್ಯಾರ? ಇನ್ನೊಮ್ಮಿ ನಪಾಸಾಗಾಕೇನ್ರಿ?"

ಹೇಳಬೇಕಾದದ್ದು ಒಂದೇ ವಾಕ್ಯ. ನಿಮ್ಮ ಸೊಸೆ ನಿಮ್ಮ ಮಗನ ಹೆಸರು ಬರೆಯಲೊಲ್ಲದೆ ಉತ್ತರ ಬಿಟ್ಟಳು, ನಾನು ಅದಕ್ಕೆ ಸೊನ್ನೆ ಹಾಕಿದೆ. ನಾನು ಹೇಳಿದ್ದು: "ನಪಾಸಾಗಿಲ್ಲ ಯವ್ವಾ. ಕೂಡಿಸೂದ್ರಾಗ ನನ್ನ ಕಡಿಂದ ತಪ್ಪಾಗಿತ್ತು."

ಸಿದ್ದಲಿಂಗವ್ವ ಮಗನ ಮುಖ ನೋಡಿದಳು. "ಕೇಳಿದೇನಪಾ? ಲೆಕ್ಕದ ಮಾಸ್ತರ್ರಿಗೇ ಕೂಡಸಾಕ ಬರವಲ್ದು, ಇನ್ನ ನಮ್ಮ ಹುಡುಗಿದೇನ ತಪ್ಪು." ಹುಡುಗ ನಗು ನುಂಗಿಕೊಂಡು, "ಅವ್ವಾ, ಪರೀಕ್ಷೆ ಬರೀಲಿ ಬಿಡು. ಹುನಗುಂದಕ್ಕ ನಾನ ಕರಕೊಂಡ ಹೋಗ್ತೇನಿ" ಎಂದ. ತಾಯಿ ಬೇಡ ಎನ್ನಲಿಲ್ಲ.

ಅರ್ಜಿ ಒಳಗೆ ಹೋಯಿತು. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ದನಿ ಬಂತು. ತರಗತಿಯಲ್ಲಿ ಆ ದನಿ ಇಷ್ಟು ಸ್ಪಷ್ಟವಾಗಿ ಕೇಳಿದ್ದಿಲ್ಲ.

"ಸರ್ರ, ಖರೇನ ಕೂಡಸೂದ್ರಾಗ ತಪ್ಪಾಗಿತ್ತೇನ್ರಿ?"

ಮಡಚಿದ ಆ ಪೇಪರು ಆಕೆಯ ಹತ್ತಿರವೇ ಇರಬೇಕು. ಅದರಲ್ಲಿ ಕೂಡಿಸಿದ್ದು ಸರಿಯಾಗಿದೆ. ನಾನೇ ಎರಡು ಸಲ ಕೂಡಿಸಿದ್ದೇನೆ.

"ಹೌದವಾ" ಎಂದೆ.

ಒಳಗೆ ಮಾತಿಲ್ಲ. ಬಳೆಯ ಸದ್ದಾಯಿತು, ಆಮೇಲೆ ಲೇಖನಿಯದು. ಅರ್ಜಿ ಹೊರಗೆ ಬಂತು, ಸಹಿಯಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಹೊಳೆಯಿತು, ಬೇಕಾದಾಗ ಹೊಳೆಯಬಾರದೇ. ನಿಜ ಹೇಳಿದ್ದರೆ ನನ್ನ ಮಾನ ಹೋಗುತ್ತಿತ್ತು, ಅಷ್ಟೆ. ಗಂಡನ ಹೆಸರು ಬರೆಯಲಾರದೆ ಪರೀಕ್ಷೆಯನ್ನೇ ಕಳೆದುಕೊಂಡ ಸೊಸೆಗೆ ಆ ಮನೆಯಲ್ಲಿ, ಆ ಅತ್ತೆಯ ಕಣ್ಣಲ್ಲಿ, ಬೇರೆಯೇ ಒಂದು ಬೆಲೆ ಬರುತ್ತಿತ್ತು. ನಾಳೆ ಟಿ.ಸಿ.ಎಚ್. ಮಾತೆತ್ತಿದಾಗ ಅದು ಉಪಯೋಗಕ್ಕೂ ಬರುತ್ತಿತ್ತು. ಈಗ ಅವರಿಗೆ ಉಳಿದಿರುವುದು ನಗಲು ಒಬ್ಬ ಮಾಸ್ತರ. ಆಕೆ ತಾನಾಗಿ ಹೇಳಿಕೊಳ್ಳುವಂತಿಲ್ಲ. ಹೇಳಬೇಕೆಂದರೆ ಆ ಸಂಖ್ಯೆಯನ್ನೇ ಹೇಳಬೇಕು.

ಇಲ್ಲ. ನನ್ನ ಬಗ್ಗೆ ಹೇಳಲು ಆ ಸಂಖ್ಯೆ ಬೇಕಾಗಿರಲಿಲ್ಲ. ‘ಸರ್ರು ಸುಳ್ಳು ಹೇಳಾಕತ್ತಾರ’ ಎಂದಿದ್ದರೆ ಸಾಕಿತ್ತು.

20 ಫೆಬ್ರುವರಿ

ಆಕೆ ಶಾಲೆಗೆ ಬರುತ್ತಿಲ್ಲ, ಮನೆಯಲ್ಲೇ ಓದುತ್ತಿರಬಹುದು. ವರ್ಗ ಸಮೀಕರಣದ ಪಾಠವನ್ನು ಬಿಡಿ ಹಾಳೆಗಳಲ್ಲಿ ಬರೆದು, ಹೊಳಬಸಪ್ಪನ ಕೈಯಲ್ಲಿ ಗುಡೂರಿಗೆ ಕಳಿಸಿದೆ. ಉತ್ತರಗಳು ಏನೇನು ಬರುತ್ತವೆ ಎಂದು ಮೊದಲೇ ಬಿಡಿಸಿ ನೋಡಿಕೊಂಡೆ.

ತರಗತಿಯಲ್ಲಿ ಲೆಕ್ಕವನ್ನು ಬಾಯಲ್ಲಿ ಹೇಳಿಸುವುದನ್ನು ಬಿಟ್ಟಿದ್ದೇನೆ. ಸಮಯ ಉಳಿಯುತ್ತದೆ. ಮೊನ್ನೆ ಚಂದಪ್ಪ, "ಸರ್ರ, ಈಗ್ಯಾಕ ನಗಸಂಗಿಲ್ರಿ?" ಎಂದು ಕೇಳಿದ. ಹಲಗೆ ಒರೆಸುತ್ತ ಇದ್ದುಬಿಟ್ಟೆ.

ಹುನಗುಂದ, 2 ಏಪ್ರಿಲ್

ಇಂದು ಬೀಜಗಣಿತ. ನಾನು ಹುನಗುಂದಕ್ಕೆ ಬರಬೇಕಾದ ಕಾರಣವಿರಲಿಲ್ಲ. ಅಕ್ಕನಿಗೆ ಬೇರೆ ಏನೋ ಕೆಲಸವಿದೆ ಎಂದು ಹೇಳಿ ಬಂದೆ. ಪರೀಕ್ಷಾ ಕೇಂದ್ರದ ಗೇಟಿನ ಎದುರು ಗುಡೂರಿನ ಹುಡುಗ ನಿಂತಿದ್ದ. ತೊಳೆದ ಮುಖದಲ್ಲಿ ಮೊದಲು ಗುರುತು ಹತ್ತಲಿಲ್ಲ.

"ಅರ್ಧ ರಾತ್ರಿ ತನಕ ಓದ್ಯಾಳ್ರಿ ಸರ್ರ. ಗಿರಣಿ ಸದ್ದಿನಾಗೂ ಓದತಾಳ. ನೀವ ಕಳಿಸಿದ ಹಾಳಿ ಹರಿದುಹೋಗ್ಯಾವು, ಅಂಟು ಹಚ್ಚಿಕೊಂಡು ಓದ್ಯಾಳ." ಚಹಾ ಕುಡಿಸಿದ. ತಾನು ಏಳನೆಯದಕ್ಕೆ ಬಿಟ್ಟವನೆಂದೂ ಲೆಕ್ಕವೆಂದರೆ ಹೆದರಿಕೆಯೆಂದೂ ಹೇಳಿದ. ನಾನೂ ಹೂಂ ಹೂಂ ಎಂದೆ.

ಗಂಟೆಯಾಯಿತು. ಮಕ್ಕಳ ಗುಂಪಿನೊಳಗಿಂದ ಆಕೆ ಬಂದಳು, ಸೀರೆ ಉಟ್ಟಿದ್ದಳು. "ಸರ್ರ ಬಂದಾರ ನೋಡು" ಎಂದು ಹುಡುಗ ಕೂಗಿದ. ಆಕೆ ನಿಂತು, ಸೆರಗು ಸರಿಮಾಡಿ ಕೈಮುಗಿದಳು. ಹೇಗೆ ಬರೆದೆ ಎಂದು ಕೇಳಬೇಕು, ಅದಕ್ಕೆ ಮೊದಲು ಕರೆಯಬೇಕು. ಬಾಯಿ ತೆರೆದೆ. ಹಾಜರಿ ಕೂಗುವಾಗ ದಿನವೂ ಬರುತ್ತಿದ್ದ ಹೆಸರು.

ನಾನು ಕೇಳದೆಯೇ ಆಕೆ ಹೇಳಿದಳು: "ಯಾವುದೂ ಖಾಲಿ ಬಿಟ್ಟಿಲ್ರಿ ಸರ್ರ."

ಬಸ್ಸು ಹೊರಡುವುದಿತ್ತು, ಇಬ್ಬರೂ ಓಡಿದರು. ನಾನು ಇನ್ನೂ ಇಲ್ಲೇ, ಬಸ್ ನಿಲ್ದಾಣದ ಕಲ್ಲಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಳಕಲ್ಲಿನ ಬಸ್ಸು ಒಂದು ಹೋಯಿತು, ಹತ್ತಲಿಲ್ಲ. ಪಾಸಾಗುತ್ತಾಳೆ ಎಂದು ಕಾಣುತ್ತದೆ. ಅದು ಈಗ ನನ್ನ ಕೈಯಲ್ಲಿ ಇಲ್ಲದಿರುವುದು ಒಳ್ಳೆಯದೇ.

ಆ ದಿನ ಬಾಗಿಲ ಹಿಂದೆ, ನಾನು ಹೌದು ಎಂದ ಮೇಲೆ, ನೀನು ಸುಮ್ಮನಾದೆಯಲ್ಲ, ತಾಯಿ. ಅದು ನನ್ನ ಮಾತನ್ನು ನಂಬಿಯೋ, ಇಲ್ಲಾ ನನಗೂ ಒಂದು ಗೆರೆ ಎಳೆದು ಬಿಟ್ಟೆಯೋ?